ರಾಗಿ ಒಕ್ಕುವ ಕಣಕ್ಕೂ ರಕ್ತಕಣಕ್ಕೂ ನಂಟಿದೆಯೇ?

ನಮ್ಮ ದಾವಣಗೆರೆ ಕಡೆ ಈಗ ಒಕ್ಕಣೆ ಕಾಲ. ಜಗಳೂರು ರಸ್ತೆ ಹಿಡಿದರೆ ಸಾಕು, ಕಣದ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಇದೇ ಹೊತ್ತಿಗೆ ಅಕ್ಕನ ಮಗಳು ವಿಜ್ಞಾನದ ಪುಸ್ತಕ ಹಿಡಿದು ಬಂದು ಕೇಳಿದಳು: "ಮಾಮ, ಕೆಂಪು ರಕ್ತಕಣ ಅಂತ ಇದೆಯಲ್ಲ, ಆ ಕಣಾನೂ ನಮ್ಮ ಹೊಲದ ಕಣಾನೂ ಒಂದೇನಾ?"

ಮನೆಯಲ್ಲಿದ್ದ ದೊಡ್ಡವರು ಒಂದೇ ಅಂದರು. ಸಂಸ್ಕೃತದಲ್ಲಿ ಕಣ ಅಂದರೆ ಕಾಳು, ಕಾಳು ಬೀಳುವ ಜಾಗಕ್ಕೂ ಅದೇ ಹೆಸರು ಬಂತು ಅನ್ನೋದು ಅವರ ವಾದ. ಕೇಳೋದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಜನ ಹೀಗೇ ನಂಬಿದ್ದಾರೆ. ಆದರೆ ಇವು ಎರಡೂ ಬೇರೆ ಪದಗಳು. ಒಂದು ದ್ರಾವಿಡದ್ದು, ಇನ್ನೊಂದು ಸಂಸ್ಕೃತದ್ದು. ಯಾಕೆ ಹಾಗೆ ಹೇಳುತ್ತೇನೆ ಅನ್ನೋದನ್ನ ಬಿಡಿಸಿ ಬರೆಯುತ್ತೇನೆ.

ಮೊದಲು ಸಂಸ್ಕೃತದ ಕಣ. ಕಾಳು, ಹನಿ, ಚೂರು, ಪುಡಿ ಅನ್ನುವ ಅರ್ಥ ಅದಕ್ಕಿದೆ. ವೈಶೇಷಿಕ ದರ್ಶನ ಕಟ್ಟಿದ ಋಷಿ ಕಣಾದನ ಹೆಸರಿಗೆ ಕಾಳು ತಿನ್ನುವವನು ಅಂತಲೇ ಅರ್ಥ. ಮರಾಠಿಯಲ್ಲಿ ನುಚ್ಚಕ್ಕಿಗೆ ಕಣಿ ಅಂತಾರಲ್ಲ, ಅದೂ ಇದರ ಮರಿ. ನಮ್ಮ ಧೂಳಿನ ಕಣ, ರಕ್ತಕಣ ಇಲ್ಲಿಂದಲೇ ಬಂದವು. 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಾಗ ಪತ್ರಿಕೆಗಳು ಬರೆದ "ದೇವಕಣ" ಕೂಡ ಇದೇ. ಎಲ್ಲೂ ಜಾಗ ಅನ್ನುವ ಅರ್ಥವೇ ಇಲ್ಲ. ಒಕ್ಕುವ ಜಾಗಕ್ಕೆ ಸಂಸ್ಕೃತದಲ್ಲಿ ಬೇರೆ ಮಾತೇ ಇದೆ: ಖಲ. ಅದು ಋಗ್ವೇದದಲ್ಲೇ ಬರುತ್ತದೆ, ಹಿಂದಿಯ ಖಲಿಹಾನ್ ಅದರ ಮನೆಯದ್ದು. (ಖಳನಾಯಕನ ಖಳ ಕೂಡ ಸಂಸ್ಕೃತದ ಖಲವೇ, ಆದರೆ ಅರ್ಥ ಕೆಟ್ಟವನು ಅಂತ. ಅಲ್ಲೂ ಒಂದೇ ರೂಪಕ್ಕೆ ಎರಡು ಅರ್ಥ!)

ಇನ್ನು ನಮ್ಮ ಕಣ. ಗಟ್ಟಿ ನೆಲ ಆರಿಸಿ, ಹುಲ್ಲು ಕೆರೆದು, ನೀರು ಚಿಮುಕಿಸಿ, ಬಡಿದು ಸಮ ಮಾಡುತ್ತಾರೆ. ಆಮೇಲೆ ಸಗಣಿ ಬಗ್ಗಡದಲ್ಲಿ ಬಿರುಕು ಕಾಣದ ಹಾಗೆ ಸಾರಿಸುತ್ತಾರೆ. ನಡುವೆ ಮೇಟಿ ಅನ್ನುವ ಕಂಬ ನೆಟ್ಟು, ಅದರ ಸುತ್ತ ಎತ್ತು ಕಟ್ಟಿ ತುಳಿಸುತ್ತಿದ್ದರು, ಇಲ್ಲವೇ ತೆನೆಯ ಮೇಲೆ ಉರುಳಿಸುವ ರೋಣಗಲ್ಲು ಹೊಡೆಯುತ್ತಿದ್ದರು. ಸಾರಿಸಿದ ಮೇಲೆ ಅಲ್ಲಿ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವ ಹಾಗಿಲ್ಲ. ಒಂದು ಕಾಳೂ ಬೀಳುವ ಮೊದಲೇ ಅದು ಕಣ. ಕಣ ಅಂದರೆ ಹದ ಮಾಡಿದ ನೆಲ, ಬಯಲು.

ಈ ಕಣಕ್ಕೆ ಕನ್ನಡದಲ್ಲೇ ಕಳ ಅನ್ನುವ ಇನ್ನೊಂದು ರೂಪವಿದೆ. ಅದನ್ನು ಹಿಡಿದು ಹೊರಟರೆ ಅಕ್ಕಪಕ್ಕದ ನಂಟರೆಲ್ಲ ಸಿಗುತ್ತಾರೆ. ತಮಿಳಿನಲ್ಲಿ ಕಳಂ, ತೆಲುಗಿನಲ್ಲಿ ಕಲ್ಲಂ, ಮಲಯಾಳದಲ್ಲೂ ಕಳಂ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಕೋಶ ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದೆ. ಸಂಸ್ಕೃತದ ಕಣದಲ್ಲಿ ಳಕಾರದ ಸುಳಿವೇ ಇಲ್ಲ. ನನ್ನ ಮಟ್ಟಿಗೆ ಇಲ್ಲಿಗೇ ತೀರ್ಮಾನ ಆಯಿತು.

ತಮಿಳಿನವರು ಒಕ್ಕುವ ಜಾಗಕ್ಕೆ ಏರ್‌ಕ್ಕಳಂ ಅಂತಾರೆ, ಯುದ್ಧಭೂಮಿಗೆ ಪೋರ್‌ಕ್ಕಳಂ ಅಂತಾರೆ. ಹಳೆಯ ತಮಿಳು ಕಾವ್ಯದಲ್ಲಿ ಯುದ್ಧವನ್ನು ಒಕ್ಕಣೆಗೆ ಹೋಲಿಸೋದು ರೂಢಿ: ತೆನೆ ತುಳಿಯುವ ಎತ್ತಿನ ಜಾಗದಲ್ಲಿ ಆನೆ. ನಮ್ಮಲ್ಲೂ ಹಾಗೇ. ಕಣಕ್ಕೆ ಯುದ್ಧಭೂಮಿ ಅನ್ನುವ ಅರ್ಥ ಮೊದಲಿನಿಂದ ಇದೆ. ಚುನಾವಣಾ ಕಣ, ಕಣಕ್ಕಿಳಿದರು, ಕಣದಿಂದ ಹಿಂದೆ ಸರಿದರು ಅಂತ ದಿನಾ ಓದುತ್ತೇವಲ್ಲ, ಅದು ಈ ಸಾಲಿನದು. ರೈತನ ಮಾತೊಂದು ರಾಜಕೀಯದ ಸುದ್ದಿಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದು ನನಗೆ ತುಂಬಾ ಖುಷಿ ಕೊಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ವಯಸ್ಸಾದ ಹೆಂಗಸರು "ಕುಬುಸದ ಕಣ ತೋರಿಸಪ್ಪಾ" ಅನ್ನುತ್ತಾರೆ. ಇದು ಮರಾಠಿಯ ಖಣ. ಮರಾಠಿಯಲ್ಲಿ ಕುಬುಸದ ತುಂಡಿಗೂ ಖಣ, ಕಪಾಟಿನ ಒಂದು ಅರೆಗೂ ಖಣ. ಗುಳೇದಗುಡ್ಡದ ಹೆಸರಾಂತ ಖಣವೂ ಇದೇ. ನಮ್ಮ ಕಡೆ ಮಹಾಪ್ರಾಣ ಬಿಟ್ಟು ಹೇಳುವುದರಿಂದ ಇದೂ ಕಣದ ಸಾಲಿಗೆ ಬಂದು ನಿಂತಿದೆ.

ಮತ್ತೆ "ಹೌದು ಕಣಪ್ಪ", "ಬಂದೆ ಕಣಲೇ" ಅಂತೀವಲ್ಲ, ಆ ಕಣ? ಅದಕ್ಕೂ ಮೇಲಿನ ಮೂರಕ್ಕೂ ಸಂಬಂಧ ಇಲ್ಲ. ಅದು ಕಾಣ್ ಧಾತುವಿನದು. ವಚನಗಳ ಅಂಕಿತದ ಜೊತೆ "ಕಾಣಾ" ಅಂತ ಬರುತ್ತದೆ, ನೋಡು, ತಿಳಿದುಕೋ ಅನ್ನುವ ಅರ್ಥದಲ್ಲಿ. ಅದೇ ಸವೆದು ಕಣಾ ಆಗಿ, ಕಣೋ, ಕಣೇ, ಕಣ್ರೀ ಆಯಿತು. ಕಣ್ಣು ಇದೇ ಮನೆಯದು. ಕೊರವಂಜಿ ಹೇಳುವ ಕಣಿಯೂ ಇದೇ, ಮಲಯಾಳಿಗಳು ವಿಷು ಬೆಳಗ್ಗೆ ಮೊದಲು ನೋಡುವ ಕಣಿಯೂ ಇದೇ. ಮರಾಠಿಯ ನುಚ್ಚಕ್ಕಿ ಕಣಿ ಮಾತ್ರ ಬೇರೆ.

ದೂರದ ಭಾಷೆಗಳಲ್ಲೂ ಇಂಥ ರೂಪ ಸಿಗುತ್ತದೆ. ಫಿನ್ನಿಶ್ ಭಾಷೆಯಲ್ಲಿ ಕನ ಅಂದರೆ ಕೋಳಿ. ಬಹಳ ಹಿಂದೆ ಜರ್ಮನಿಕ್ ಕಡೆಯಿಂದ ಅವರಿಗೆ ಬಂದ ಪದ ಅದು, ಇಂಗ್ಲಿಷಿನ ಹೆನ್ ಅದರ ನೆಂಟ. ಜಪಾನೀಯರ ಕನ ಅಂದರೆ ಹಿರಗನ, ಕತಕನ ಲಿಪಿ. ಅದರ ಮೂಲ ಕರಿ-ನ, ಅಂದರೆ ತಾತ್ಕಾಲಿಕ ಹೆಸರು. ಇವೆರಡರಲ್ಲೂ ಇರೋದು ಣ ಅಲ್ಲ, ನ. ಹಾಗಾಗಿ ನಮ್ಮ ಕಿವಿಗೆ ಇವು ಬೇರೆಯಾಗೇ ಕೇಳುತ್ತವೆ. ರೂಪ ಹತ್ತಿರ ಇದೆ ಅಂತ ನಂಟು ಕಟ್ಟುವವರಿಗೆ ಈ ಎರಡನ್ನು ತೋರಿಸಿದರೆ ಸಾಕು. ಸುಮ್ನೆ ಶಬ್ದ ಕೂಡಿದ್ದು ನೋಡಬಾರದು. ಹಳೆಯ ರೂಪ ಯಾವುದು, ಅಕ್ಕಪಕ್ಕದ ಭಾಷೆಯಲ್ಲಿ ಹೇಗಿದೆ ಅನ್ನೋದನ್ನ ನೋಡಬೇಕು.

ಈಗ ನನ್ನ ಪ್ರಶ್ನೆ. ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ನಾನು ಕೇಳಿರೋದು ಕಣ ಒಂದೇ. ನಿಮ್ಮ ಊರಲ್ಲಿ ಒಕ್ಕುವ ಜಾಗಕ್ಕೆ ಈಗಲೂ ಕಳ ಅನ್ನುವವರು ಇದ್ದಾರಾ? ಹೊಲದ ಹೆಸರಲ್ಲೋ, ಒಕ್ಕುವಾಗ ಹಾಡುವ ಹಂತಿ ಪದದಲ್ಲೋ, ಗಾದೆಯಲ್ಲೋ ಉಳಿದಿದ್ದರೂ ಸರಿ. ಊರು, ತಾಲ್ಲೂಕಿನ ಹೆಸರು ಸೇರಿಸಿ ಬರೆಯಿರಿ.