ಎರಡು ಅಂತಸ್ತಿನ ಕೀಬೋರ್ಡ್ ಸ್ಟ್ಯಾಂಡ್ ಅಲ್ಲಾಡ್ತದೆ, ಯಾವುದು ತಗೊಳ್ಳಲಿ?

ತುಂಗಾತೀರ_ಕೀಸ್ (ತೀರ್ಥಹಳ್ಳಿ):
ತಲೆ ಕೆಟ್ಟೋಗಿದೆ ಮಾರಾಯ್ರೆ. ಕೆಳಗೆ ಯಮಹಾ ಪಿ-45, ಮೇಲೆ ರೋಲ್ಯಾಂಡ್ ಎಕ್ಸ್‌ಪಿಎಸ್-10. ಎಡಗೈ ಸ್ವಲ್ಪ ಜೋರಾದ್ರೆ ಮೇಲಿನದ್ದು ತೊಟ್ಟಿಲ ಹಾಗೆ ತೂಗ್ತದೆ. ಮೈಕಲ್ಲಿ ಧಡ್ ಧಡ್ ಅಂತ ಬರ್ತದೆ. ನಟ್ಟೆಲ್ಲ ಬಿಗಿ ಮಾಡಾಯ್ತು. ಯಾವ ಸ್ಟ್ಯಾಂಡ್ ಒಳ್ಳೇದು?

ಬಿಫ್ಲಾಟ್_ಭದ್ರಾವತಿ:
ಸಿಂಗಲ್ ಎಕ್ಸ್ ಇರ್ಬೇಕು, ಕತ್ತರಿ ಹಾಗೆ ಒಂದೇ ಜೊತೆ ಅಡ್ಡಕಾಲಿನದ್ದು. ಎರಡು ಜೊತೆ ಕಾಲಿನ ಡಬಲ್ ಎಕ್ಸ್ ತಗೊಳ್ಳಿ, ಮುಗೀತು.

ಸಾಗರ_ಸಿಂಥ್:
ಈಗಿರೋ ಸ್ಟ್ಯಾಂಡ್ ಯಾವ ನಮೂನೆದು ಅಂತ್ಲೇ ಹೇಳಿಲ್ಲ. ಕೂತು ನುಡಿಸೋದಾ, ನಿಂತಾ? ಪಿ-45 11.5 ಕೆ.ಜಿ., ಎಕ್ಸ್‌ಪಿಎಸ್ 4 ಕೆ.ಜಿ. ಭಾರದ ಪ್ರಶ್ನೆ ಅಲ್ವೇ ಅಲ್ಲ.

ತುಂಗಾತೀರ_ಕೀಸ್:
ಡಬಲ್ ಎಕ್ಸೇ ಇರೋದು! ಮೇಲಿನ ಅಂತಸ್ತು ಬೇರೆ ಕಂಪನಿದು, ಸಿಕ್ಕಿಸಿದ್ದು. ಕೂತೇ ನುಡಿಸೋದು.

ಬಿಫ್ಲಾಟ್_ಭದ್ರಾವತಿ:
ಹಾಗಾದ್ರೆ ಎಕ್ಸ್ ಕಾಲುಗಳು ಸೇರೋ ಕಡೆ ಇರೋ ಹಲ್ಲಿನ ಚಕ್ರ ಸವೆದಿದೆ. ಬಿಚ್ಚಿ ನೋಡಿ.

ಸಾಗರ_ಸಿಂಥ್:
ಬೇರೆ ಕಂಪನಿದು ಅಂದ್ರಲ್ಲ, ಅಲ್ಲೇ ಇದೆ ಒಂದು ಗುಟ್ಟು. ಪೈಪಿನ ಅಳತೆ ಕಂಪನಿಗೊಂದು. ಕ್ಲ್ಯಾಂಪ್ 10 ಸೆಂ.ಮೀ. ಉದ್ದಕ್ಕೆ ಹಿಡಿದಿದ್ದು, ಅದ್ರಲ್ಲಿ 1 ಮಿ.ಮೀ. ಸಡಿಲ ಇದ್ರೆ 40 ಸೆಂ.ಮೀ. ತೋಳಿನ ತುದೀಲಿ 4 ಮಿ.ಮೀ. ಆಟ. ನಟ್ಟು ಎಷ್ಟು ತಿರುಗಿಸಿದ್ರೂ ಹೋಗಲ್ಲ. ಕೂತು ನುಡಿಸೋರಿಗೆ ಎಕ್ಸ್ ಕೆಟ್ಟದ್ದು ಕೂಡ, ಮೊಣಕಾಲು ತಾಗ್ತದೆ. ಝಡ್ ಆಕಾರದ್ದು ಇಲ್ಲಾಂದ್ರೆ ಮೇಜಿನ ನಮೂನೆಯದ್ದು ನೋಡಿ, ಎರಡನೇ ಅಂತಸ್ತು ಅದೇ ಕಂಪನಿದೇ ಇರ್ಲಿ. ಪಿ-45ಕ್ಕೆ ಅಂತ ಯಮಹಾದವರು ಬೇರೆಯಾಗಿ ಮಾಡಿರೋ ಎಲ್-85 ಮರದ ಸ್ಟ್ಯಾಂಡಿಗೆ ಮಾತ್ರ ಹೋಗ್ಬೇಡಿ, ಅದಕ್ಕೆ ಮೇಲಂತಸ್ತು ಕೂರಲ್ಲ.

ತುಂಗಾತೀರ_ಕೀಸ್:
ಚಕ್ರ ಬಿಚ್ಚಿ ನೋಡ್ದೆ. ಹಲ್ಲು ಸರಿ ಇದೆ.

ಬಿಫ್ಲಾಟ್_ಭದ್ರಾವತಿ:
ಕಣ್ಣಿಗೆ ಕಾಣ್ದಷ್ಟು ಸವೆದಿರ್ತದೆ. ದೊಡ್ಡ ವಾಷರ್ ಹಾಕಿ ಬಿಗೀರಿ.

ಗಾಜನೂರು_ಗ್ರೂವ್:
ಚಕ್ರ ಬಿಡ್ರೀ ಸಾಕು. ಸ್ಟ್ಯಾಂಡ್ ಇಟ್ಟಿರೋ ನೆಲ ಯಾವುದು?

ತುಂಗಾತೀರ_ಕೀಸ್:
ಉಪ್ಪರಿಗೆ. ಹಳೇ ಮನೆ, ಹಲಗೆ ಹಾಸಿದ್ದು. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಗಾಜನೂರು_ಗ್ರೂವ್:
ಇದನ್ನ ಮೊದ್ಲೇ ಹೇಳೋದಲ್ವ ಮಾರಾಯ್ರೆ! ಮೇಲಿನ ಕೀಬೋರ್ಡ್ ಮೇಲೆ ಒಂದು ಲೋಟ ನೀರಿಡಿ. ಯಾರೂ ನುಡಿಸೋದು ಬೇಡ, ಇನ್ನೊಬ್ರು ಪಕ್ಕದಲ್ಲಿ ನಡೀಲಿ. ನೀರು ನಡುಗಿದ್ರೆ ದೋಷ ನೆಲದ್ದು. ಯಾವ ಸ್ಟ್ಯಾಂಡ್ ತಂದ್ರೂ ನಡುಗ್ತದೆ. ಆಗ ಹಲಗೆಯಲ್ಲಿ ಮೊಳೆಯ ಸಾಲು ಹುಡುಕಿ, ಮೊಳೆ ಇರೋ ಕಡೆ ಅಡಿಗೆ ತೊಲೆ ಇರ್ತದೆ. ಸ್ಟ್ಯಾಂಡಿನ ಕಾಲು ಆ ಸಾಲಿನ ಮೇಲೇ ಬರ್ಬೇಕು. ತೊಲೆಯ ತುದಿ ಗೋಡೆ ಮೇಲೆ ಕೂತಿರ್ತದಲ್ಲ, ಆ ಗೋಡೆ ಬದಿಗೆ ಸರಿಸಿ. ಕೋಣೆ ನಡುವೆ ಬೇಡ, ಅಲ್ಲೇ ತೊಲೆ ಹೆಚ್ಚು ಬಾಗೋದು. ಸ್ಟ್ಯಾಂಡಿನ ಕೆಳಗೆ 18 ಮಿ.ಮೀ. ಪ್ಲೈವುಡ್, ಐದಡಿ ಉದ್ದ, ಎರಡೂವರೆ ಅಡಿ ಅಗಲ. ಎರಡು ತೊಲೆಗೆ ಅಡ್ಡವಾಗಿ ಹಾಸಿ. ಮೈಕ್ ಸ್ಟ್ಯಾಂಡ್ ಆ ಪ್ಲೈವುಡ್ ಮೇಲೆ ಇಡ್ಬೇಡಿ.

ಸಾಗರ_ಸಿಂಥ್:
ಸರಿಯಾದ ಮಾತು. ಎತ್ತರನೂ ನೋಡ್ಕೊಳ್ಳಿ. ಪಿ-45 ಎತ್ತರ 15.4 ಸೆಂ.ಮೀ., ಕೆಳಗಿನ ತೋಳು ನೆಲದಿಂದ 60ರ ಆಸುಪಾಸು. ಮೇಲಿನ ತೋಳು ಅದಕ್ಕಿಂತ 27-28 ಸೆಂ.ಮೀ. ಮೇಲೆ, ಕಡಿಮೆಯಾದ್ರೆ ಕೆಳಗಿನ ಗುಂಡಿಗಳಿಗೆ ಬೆರಳು ಹೋಗಲ್ಲ, ಜಾಸ್ತಿಯಾದ್ರೆ ಭುಜ ಎತ್ತಿ ನುಡಿಸ್ಬೇಕು.

ಬಿಫ್ಲಾಟ್_ಭದ್ರಾವತಿ:
ಇಷ್ಟೆಲ್ಲ ಯಾಕೆ? ಒಂದಿಂಚಿನ ಚೌಕ ಪೈಪ್, 16 ಗೇಜ್, ವೆಲ್ಡಿಂಗ್ ಅಂಗಡೀಲಿ ಕೊಡಿ. ಆಟ ಅನ್ನೋದೇ ಇರಲ್ಲ.

ಸಾಗರ_ಸಿಂಥ್:
ಎತ್ತರ ಬದಲಿಸೋಕಾಗಲ್ಲ. ಕಿರಿದಾದ ಉಪ್ಪರಿಗೆ ಮೆಟ್ಟಿಲಲ್ಲಿ ಹತ್ತಿಸೋದು ಹೇಗೆ?

ಬಿಫ್ಲಾಟ್_ಭದ್ರಾವತಿ:
ಬೋಲ್ಟ್ ಜೋಡಣೆ ಮಾಡ್ಸಿ. ಮಳೆಗಾಲಕ್ಕೆ ಮುಂಚೆ ಬೋಲ್ಟಿನ ತಿರುಪಿಗೆ ಕೊಬ್ರಿ ಎಣ್ಣೆ ಹಚ್ಚಿದ್ರೆ ತುಕ್ಕೂ ಇಲ್ಲ.

ಗಾಜನೂರು_ಗ್ರೂವ್:
ಕೊಬ್ರಿ ಎಣ್ಣೆ ದೇವ್ರ ದೀಪಕ್ಕಿಡಿ. ಧೂಳು ಹಿಡಿದು ಅಂಟಾಗ್ತದೆ. ಗ್ರೀಸ್ ಹಚ್ಚಿ.

ಮೂರಂತಸ್ತು_ಹೊಸನಗರ:
ನಮ್ಮಲ್ಲಿ ಒಂಟಿ ಕಂಬದ ಅಲ್ಯೂಮಿನಿಯಂ ಸ್ಟ್ಯಾಂಡ್, ಮೂರು ಕೀಬೋರ್ಡ್, ಪಕ್ಕಕ್ಕೆ ಲ್ಯಾಪ್‌ಟಾಪ್ ತಟ್ಟೆ. ವೈರೆಲ್ಲ ಕಂಬದೊಳಗೇ. ಫೋಟೋ ಹಾಕ್ಲಾ?

ಗಾಜನೂರು_ಗ್ರೂವ್:
ಬೇರೆ ಚರ್ಚೆ ತೆರೀರಿ ಸ್ವಾಮಿ.

ತುಂಗಾತೀರ_ಕೀಸ್:
ಲೋಟದ ನೀರು ನಡುಗ್ತು. ಮೊಳೆ ಸಾಲೂ ಸಿಕ್ತು, ಎರಡಡಿಗೊಂದು. ಮನೇಲಿ 12 ಮಿ.ಮೀ. ಪ್ಲೈವುಡ್ ಇದೆ, ಸಾಕಾಗಲ್ವ?

ಗಾಜನೂರು_ಗ್ರೂವ್:
ಎರಡಡಿ ಅಂತರಕ್ಕೆ 12 ಬಾಗ್ತದೆ. ಎರಡು ಹಾಳೆ ಇದ್ರೆ ಫೆವಿಕಾಲ್ ಹಚ್ಚಿ, ಅರ್ಧ ಅಡಿಗೊಂದು ಸ್ಕ್ರೂ ಹೊಡೆದು ಒಂದೇ ಮಾಡಿ. ಇಲ್ಲಾಂದ್ರೆ 18ರದ್ದೇ ತನ್ನಿ.

ಬಿಫ್ಲಾಟ್_ಭದ್ರಾವತಿ:
ವಾಷರ್ ಹಾಕಿ ನೋಡಿದ್ರಾ?