ಆಟಿ ಕಷಾಯ, ಹಿರಿಯರ ಎಡೆ, ಬಾಡಿಗೆ ಮನೆ: ಊರು ಬಿಟ್ಟವರು ಹೇಗೆ ಮಾಡ್ತೀರಿ?

ನಮ್ಮದು ಪುತ್ತೂರು ಕಡೆ. ಹತ್ತು ವರ್ಷದಿಂದ ಬೆಂಗಳೂರಲ್ಲಿದ್ದೇವೆ, ನಾಲ್ಕನೇ ಮಹಡಿ, ಬಾಡಿಗೆ ಮನೆ. ಪ್ರತಿ ಆಟಿ (ತುಳುವರ ಮಳೆಗಾಲದ ಒಂದು ತಿಂಗಳು) ಅಮಾವಾಸ್ಯೆಗೆ ಅಮ್ಮ ಬೆಳಗ್ಗೆ ಆರಕ್ಕೇ ಫೋನ್ ಮಾಡಿ ಕಷಾಯ ಕುಡಿದಿರಾ ಅಂತ ಕೇಳುತ್ತಿದ್ದರು, ನಾನು ಹೂಂ ಅಂತ ಸುಳ್ಳು ಹೇಳುತ್ತಿದ್ದೆ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಅಮ್ಮ ತೀರಿಕೊಂಡರು. ಊರಿನ ಮನೆಗೆ ಬೀಗ. ಈ ಸಲ ಸುಳ್ಳಾಗದ ಹಾಗೆ ಮಾಡಬೇಕು ಅಂತ ಆಸೆ. ಕಷಾಯಕ್ಕೆ ಬೇಕಾದ ಪಾಲೆ ಮರದ ಕೆತ್ತೆ, ಅಂದ್ರೆ ತೊಗಟೆ, ಇಲ್ಲಿ ಸಿಗುತ್ತಾ, ಆನ್‌ಲೈನ್ ಪುಡಿ ತರಿಸಬಹುದಾ? ಹಿರಿಯರಿಗೆ ಬಡಿಸೋದು ಬಾಡಿಗೆ ಮನೆಯಲ್ಲಿ ಆಗುತ್ತಾ? ಇನ್ನೊಂದು, ಜ್ಯೋತಿಷಿಯೊಬ್ಬರು ಪಿತೃದೋಷ ಇದೆ, ಹದಿನೆಂಟು ಸಾವಿರ ಆಗುತ್ತೆ ಅಂದಿದ್ದಾರೆ. ಮಾಡಿ ನೋಡಿದವರು ಹೇಳಿ.

ಬೆಳ್ತಂಗಡಿಯಿಂದ:

ಮೊದಲು ಕೆತ್ತೆ ವಿಷಯ, ಯಾಕಂದ್ರೆ ಉಳಿದದ್ದರಲ್ಲಿ ತಪ್ಪಾದರೆ ಯಾರೂ ಆಸ್ಪತ್ರೆ ಸೇರಲ್ಲ. ಪಾಲೆ ಅಂದ್ರೆ ಹಾಲೆ ಮರ, ಸಪ್ತಪರ್ಣ. ಕೊಂಬೆಯ ಒಂದೊಂದು ಗಂಟಿನಲ್ಲಿ ನಾಲ್ಕರಿಂದ ಏಳು ಎಲೆ ಕೊಡೆ ಬಿಚ್ಚಿದ ಹಾಗೆ ಸುತ್ತ ಇರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತೆ. ಕಾಸರಕನ ಮರದಲ್ಲಿ ಎಲೆ ಎರಡೆರಡೇ, ಎದುರುಬದುರು, ಹಾಲು ಇಲ್ಲ, ಅದು ವಿಷ. ನಮ್ಮ ಮನೆಯಲ್ಲೇ ಒಂದು ವರ್ಷ ಭಾವ ನಸುಕಿನ ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೋಗಿ ಯಾವುದೋ ಮರದ್ದು ಕೆತ್ತಿ ತಂದಿದ್ದರು. ಅಜ್ಜಿ ಮೂಸಿ ನೋಡಿ, ಇದರಲ್ಲಿ ಹಾಲೇ ಇಲ್ಲವಲ್ಲ ಮಾರಾಯ ಅಂತ ಅಂಗಳಕ್ಕೆ ಎಸೆದರು. ಆವತ್ತು ಯಾರೂ ಕುಡಿಯಲಿಲ್ಲ, ಯಾರಿಗೂ ಏನೂ ಆಗಲೂ ಇಲ್ಲ.

ಹಳಬರು ಮುನ್ನಾದಿನ ಸಂಜೆಯೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದರು. ಮರಕ್ಕೆ ಹೇಳಿ ಬರೋದು ಅಂತ ಕಾರಣ ಕೊಡುತ್ತಿದ್ದರು. ನನಗೆ ಅನಿಸೋದು, ಬೆಳಕಲ್ಲಿ ಗುರುತು ಮಾಡಿಟ್ಟರೆ ಕತ್ತಲಲ್ಲಿ ತಪ್ಪಲ್ಲ, ಅಷ್ಟೇ. ಕೆತ್ತೋದು ಕಲ್ಲಿಂದ, ಕತ್ತಿ ತಾಗಿಸಬಾರದು. ಅರೆದು ರಸ ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಅಂತ ಅದರೊಳಗೆ ಹಾಕೋದು. ದೊಡ್ಡವರಿಗೆ ಕಾಲು ಲೋಟಕ್ಕಿಂತ ಕಡಿಮೆ. ಬಸುರಿಯರಿಗೆ ಕೊಡಲ್ಲ. ಸಣ್ಣ ಮಕ್ಕಳಿಗೆ ನಾಲಿಗೆಗೆ ತಾಗಿಸಿದರೆ ಸಾಕು.

ಪುಡಿ ತರಿಸಬೇಡಿ, ಅದರಲ್ಲಿ ಯಾವ ಮರ ಇದೆ ಅಂತ ಹೇಗೆ ನೋಡ್ತೀರಿ? ಪಾರ್ಕಿನ ಮರಕ್ಕೂ ಕಲ್ಲು ಹಿಡಿದುಕೊಂಡು ಹೋಗಬೇಡಿ. ಬೆಂಗಳೂರಲ್ಲಿ ತುಳುವರ ಕೂಟಗಳು ಆ ದಿನ ಕಷಾಯ ಹಂಚೋದುಂಟು, ಅಲ್ಲಿಗೆ ಹೋಗಿ ಕುಡೀರಿ. ಅದೂ ಆಗದಿದ್ರೆ ಕಷಾಯ ಬಿಟ್ಟು, ಕುಡಿದ ಮೇಲೆ ತಂಪಿಗೆ ಉಣ್ಣುವ ಮೆಂತೆ ಗಂಜಿ ಮಾತ್ರ ಮಾಡಿ. ನಾನು ಪುಣೆಯಲ್ಲಿದ್ದ ಆರು ವರ್ಷ ಹಾಗೇ ಮಾಡಿದ್ದು.

ಮಡಿಕೇರಿಯಿಂದ:

ನಮ್ಮಲ್ಲಿ ಇದೇ ತಿಂಗಳಿಗೆ ಕಕ್ಕಡ ಅಂತಾರೆ. ಕಕ್ಕಡ ಹದಿನೆಂಟು, ಅಂದ್ರೆ ಸಾಮಾನ್ಯವಾಗಿ ಆಗಸ್ಟ್ 3, ಆವತ್ತು ಮದ್ದ್ ತೊಪ್ಪು, ಅಂದ್ರೆ ಮದ್ದಿನ ಸೊಪ್ಪು. ಆ ದಿನಕ್ಕೆ ಸೊಪ್ಪಲ್ಲಿ ಹದಿನೆಂಟು ಮದ್ದು ಸೇರಿರುತ್ತೆ ಅನ್ನೋದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ, ಅದರಲ್ಲಿ ಅಕ್ಕಿ ಬೇಯಿಸಿ ಪಾಯಸ. ಮಕ್ಕಳಿಗೆ ಮೊದಲೇ ಹೇಳಿಡಿ, ಮೂತ್ರ ಕೆಂಪಗೆ ಹೋಗುತ್ತೆ. ನನ್ನ ಮೈಸೂರಿನ ಸೊಸೆ ಮೊದಲ ವರ್ಷ ಹೆದರಿ ಡಾಕ್ಟರಿಗೆ ಫೋನ್ ಮಾಡಿಬಿಟ್ಟಿದ್ದಳು. ಅವಳಿಗೆ ಹೇಳೋದು ನನಗೇ ಮರೆತುಹೋಗಿತ್ತು! ಇದನ್ನೂ ಗುರುತಿದ್ದವರ ಕೈಯಿಂದಲೇ ತಗೊಳ್ಳಿ.

ಹಿರಿಯರ ವಿಷಯಕ್ಕೆ ಬಂದರೆ ನಮಗೆ ಐನ್‌ಮನೆ (ಮೂಲಮನೆ), ಕೈಮಡ (ಹಿರಿಯರ ಗುಡಿ) ಇರೋದು ಊರಲ್ಲಿ. ಕಾರಣಂಗ್ ಕೊಡೋದಕ್ಕೆ, ಅಂದ್ರೆ ಹಿರಿಯರಿಗೆ ಬಡಿಸೋದಕ್ಕೆ, ಒಕ್ಕದವರೆಲ್ಲ (ಕುಟುಂಬದವರೆಲ್ಲ) ಅಲ್ಲಿಗೇ ಸೇರೋದು. ಪೇಟೆ ಮನೆಯಲ್ಲಿ ಅದನ್ನು ಮಾಡಲ್ಲ. ಸಂಜೆ ಒಂದು ದೀಪ ಹಚ್ಚಿ ಗುರು ಕಾರಣರನ್ನು (ಮನೆತನದ ಹಿರಿಯರನ್ನು) ನೆನೆಯೋದು, ಅಷ್ಟೇ.

ಮಂಡ್ಯದಿಂದ:

ಬಾಡಿಗೆ ಮನೆಯಲ್ಲಿ ಎಡೆ ಯಾಕಾಗಲ್ಲ? ನಾವು ಪಿತೃಪಕ್ಷದಲ್ಲಿ ಇಡ್ತೀವಿ, ಹದಿನಾಲ್ಕು ವರ್ಷದಲ್ಲಿ ಐದು ಮನೆ ಬದಲಾಯಿಸಿದ್ದೀವಿ, ಹಿರಿಯರು ದಾರಿ ತಪ್ಪಿದ ಹಾಗೆ ಕಾಣಲಿಲ್ಲ. ಮನೆಯ ಹಾಲ್‌ನ ಒಂದು ಮೂಲೆ ತೊಳೆದು, ಕಳಸ ಇಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಏನು ಇಷ್ಟವೋ ಅದನ್ನ ಬಾಳೆಎಲೆ ಮೇಲೆ ಬಡಿಸೋದು. ನಮ್ಮಪ್ಪನಿಗೆ ಬೋಟಿ ಗೊಜ್ಜು, ಒಂದು ಕಟ್ಟು ಬೀಡಿ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಇರ್ತೀವಿ. ಅಪಾರ್ಟ್‌ಮೆಂಟಲ್ಲಿ ಧೂಪಕ್ಕೆ ಹೊಗೆ ಅಲಾರಂ ಬಡ್ಕೊಂಡಿದ್ದೂ ಉಂಟು, ಕಿಟಕಿ ತೆಗೆದಿಡಿ. ಮಾಲೀಕರು ಮಾಂಸ ಬೇಡ ಅನ್ನೋರಾದ್ರೆ ಒಬ್ಬಟ್ಟು, ವಡೆ ಸಾಕು.

ಆದರೆ ಅಕ್ಕ, ನಮ್ಮಲ್ಲಿ ವರ್ಷ ತುಂಬದವರನ್ನ ಹಿರಿಯರ ಜೊತೆ ಸೇರಿಸಿ ಎಡೆ ಇಡಲ್ಲ. ನಿಮ್ಮ ಅಮ್ಮನಿಗೆ ವರ್ಷ ಆಯ್ತಾ, ನಿಮ್ಮಲ್ಲಿ ಏನು ಕ್ರಮ, ಇದನ್ನ ಚಿಕ್ಕಮ್ಮನನ್ನೋ ಸೋದರಮಾವನನ್ನೋ ಕೇಳಿ. ಪುಸ್ತಕ, ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ.

ಶೃಂಗೇರಿಯಿಂದ:

ನಾನು ಪಂಚಾಂಗ ನೋಡೋ ಮನೆಯವನೇ, ಜಾತಕ ನಂಬೋನೇ. ಆದರೂ ಹೇಳ್ತೀನಿ, ಫೋನಲ್ಲೇ ದೋಷ ಕಂಡುಹಿಡಿದು ಫೋನಲ್ಲೇ ದುಡ್ಡು ಕೇಳಿದರೆ ಅದು ಅಂಗಡಿ. ನನ್ನ ಅಣ್ಣ ಹೀಗೇ ಕೊಟ್ಟ, ಆರು ತಿಂಗಳಿಗೆ ಇನ್ನೊಂದು ದೋಷ ಹೊರಬಂತು. ಹಿರಿಯರಿಗೆ ನೀರು ಬಿಡೋದಕ್ಕೆ ಕಪ್ಪು ಎಳ್ಳು, ದರ್ಭೆ, ಒಂದು ತಂಬಿಗೆ ನೀರು. ಊರಿನ ಪುರೋಹಿತರಿಗೆ ದಕ್ಷಿಣೆ ಅಂತ ನೀವು ಕೊಟ್ಟಷ್ಟು.

ದಿನದ ಬಗ್ಗೆ ಒಂದು ಮಾತು. ಆಟಿ ಸೌರ ತಿಂಗಳು, ಜುಲೈ ಮಧ್ಯದಲ್ಲಿ ಕರ್ಕಾಟಕ ಸಂಕ್ರಮಣದಿಂದ ಶುರು. ಬೆಂಗಳೂರಿನ ಕ್ಯಾಲೆಂಡರಲ್ಲಿ ಆಟಿ ಅಂತ ಇರಲ್ಲ, ಭೀಮನ ಅಮಾವಾಸ್ಯೆ ಹುಡುಕಿ, ಸಾಮಾನ್ಯವಾಗಿ ಅದೇ ದಿನ. 2025ರಲ್ಲಿ ಜುಲೈ 24. ಅಧಿಕ ಮಾಸ ಬಂದಾಗ ಮಾತ್ರ ತಲೆನೋವು. 2023ರಲ್ಲಿ ಜುಲೈ 17, ಆಗಸ್ಟ್ 16 ಎರಡೂ ಅಮಾವಾಸ್ಯೆ ಕರ್ಕಾಟಕದೊಳಗೇ ಬಿದ್ದು, ಸುಳ್ಯದ ಅತ್ತಿಗೆ ಮನೆಯಲ್ಲಿ ಯಾವತ್ತು ಕುಡಿಯೋದು ಅಂತ ಜಗಳವೇ ಆಗಿತ್ತು. ಕೊನೆಗೆ ಎರಡು ಸಲ ಕುಡಿದರಂತೆ, ಪಾಪ.

ಕೇಳಿದವರು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ವರ್ಷ ಆಗಿದೆ, ವರ್ಷಾಂತಿಕ ಊರಲ್ಲೇ ಮುಗಿಸಿದೆವು. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಆಟಿಯಲ್ಲೇ ಒಂದು ದಿನ ಅಗೆಲು ಬಳಸೋದು, ಅಂದ್ರೆ ಹಿರಿಯರಿಗೆ ಬಡಿಸೋದು, ನಮ್ಮ ಕ್ರಮ, ಕೋಳಿ ಸಾರು, ಕಡುಬು, ಜೊತೆಗೆ ಅಮ್ಮನಿಗೆ ಒಂದು ಲೋಟ ಕಟ್ಟಾ ಚಹಾ ಇಡು ಅಂದರು. ಹದಿನೆಂಟು ಸಾವಿರದ ಮಾತು ಬಿಟ್ಟೆ. ಬೆಳ್ತಂಗಡಿಯವರೇ, ಮೆಂತೆ ಗಂಜಿಗೆ ಕಾಯಿಹಾಲು ಯಾವಾಗ ಹಾಕೋದು?

ಬೆಳ್ತಂಗಡಿಯಿಂದ:

ಮೆಂತೆ ರಾತ್ರಿಯೇ ನೆನೆಹಾಕಿ. ಅಕ್ಕಿ, ಮೆಂತೆ ಎರಡನೇ ಸಲ ಹಿಂಡಿದ ತೆಳು ಕಾಯಿಹಾಲಲ್ಲಿ ಬೇಯಲಿ, ಆಮೇಲೆ ಬೆಲ್ಲ. ದಪ್ಪ ಹಾಲು ಒಲೆ ಆರಿಸುವ ಮುಂಚೆ ಹಾಕಿ, ಕುದಿಸಬೇಡಿ, ಒಡೆಯುತ್ತೆ.