ಪಾಳಿ ಬದಲಾಗುವ ಕೆಲಸದಲ್ಲಿ ವ್ಯಾಯಾಮಕ್ಕೂ ಹಿತವಾದ ಊಟಕ್ಕೂ ಹೊತ್ತು ಹೊಂದಿಸುವುದು ಹೇಗೆ?

ಪ್ರಶ್ನೆ (ಬಳ್ಳಾರಿಯಿಂದ)

ನಾನು ತೋರಣಗಲ್ಲಿನ ಕಡೆಯ ಕಾರ್ಖಾನೆಯೊಂದರಲ್ಲಿ ಮೂರು ಪಾಳಿಯ ಕೆಲಸದಲ್ಲಿದ್ದು, ಬಳ್ಳಾರಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಾಳಿ ವಾರಕ್ಕೊಮ್ಮೆ ಬದಲಾಗುವುದರಿಂದ, ನಸುಕಿನಲ್ಲಿ ಎದ್ದು ನಡೆಯಬೇಕೆಂಬ ನಿಯಮ ಒಂದು ವಾರ ನಡೆದರೆ ಮುಂದಿನ ವಾರ ಮುರಿದುಬೀಳುತ್ತದೆ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಅನ್ನ ಉಂಡು, ಬೆಳಿಗ್ಗೆ ಬಸ್ಸಿಳಿದ ಕೂಡಲೇ ಒಗ್ಗರಣೆ-ಮಿರ್ಚಿ ತಿಂದು ಮಲಗುವುದು ರೂಢಿಯಾಗಿದೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನನಗೂ ಅಳುಕಿದೆ. ಜಿಮ್ಮಿಗೆ ಹೋಗುವಷ್ಟು ಬಿಡುವಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತಿಳಿಸಬೇಕು.

ಉತ್ತರ (ಶಕ್ತಿನಗರದಿಂದ)

ನಿಮ್ಮ ತೊಡಕು ಇರುವುದು ಗಡಿಯಾರದ ಹೊತ್ತನ್ನು ಹಿಡಿದುಕೊಂಡಿರುವುದರಲ್ಲಿ. ಪಾಳಿ ಯಾವುದೇ ಇರಲಿ, ದಿನಕ್ಕೊಮ್ಮೆ ಮಲಗಿ ಏಳುವುದು ತಪ್ಪುವುದಿಲ್ಲ; ಆದ್ದರಿಂದ ವ್ಯಾಯಾಮವನ್ನು ಎದ್ದ ನಂತರದ ಮೊದಲ ಕೆಲಸವನ್ನಾಗಿ ಮಾಡಿಕೊಳ್ಳಿ, ಆ ಹೊತ್ತು ಬೆಳಗಿನದಾಗಿರಲಿ, ಮಧ್ಯಾಹ್ನದ್ದಾಗಿರಲಿ. ರಾತ್ರಿ ಪಾಳಿ ಮುಗಿಸಿ ಬಂದವರು ಮೊದಲು ನಿದ್ರೆ ಮಾಡಬೇಕು, ನಿದ್ರೆಯನ್ನು ಕತ್ತರಿಸಿ ಓಡುವುದರಲ್ಲಿ ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಮತ್ತು ಎರಡು ದಿನ ಸ್ನಾಯುಬಲದ ವ್ಯಾಯಾಮ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಡಲಾಗಿದೆ. ಹೀಗಾಗಿ ಒಂದು ನಿಲ್ದಾಣ ಮೊದಲೇ ಇಳಿದು ಬಿರುಸಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಸ್ನಾಯುಬಲಕ್ಕೆ ನಮ್ಮ ಗರಡಿಮನೆಯ ದಂಡ-ಬೈಠಕ್ ಸಾಕು, ಅದಕ್ಕೆ ಒಂದು ಚಾಪೆಯಷ್ಟು ಜಾಗವಿದ್ದರಾಯಿತು.

ಉತ್ತರ (ಸಿಂಧನೂರಿನಿಂದ)

ಊಟದ ವಿಷಯ ಹೇಳುತ್ತೇನೆ, ಏಕೆಂದರೆ ಪಾಳಿಯವರು ಕೆಡುವುದು ಹೆಚ್ಚಾಗಿ ಅಲ್ಲಿಯೇ. ನಡುರಾತ್ರಿಯ ನಂತರ ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಆದ್ದರಿಂದ ಮುಖ್ಯ ಊಟವನ್ನು ಮನೆ ಬಿಡುವ ಮುನ್ನ ಮುಗಿಸಿ, ಎರಡು ಗಂಟೆಗೆ ಹುರಿದ ಶೇಂಗಾ, ಮೊಳಕೆ ಬರಿಸಿದ ಹೆಸರುಕಾಳು, ಮಜ್ಜಿಗೆ ಇಷ್ಟಕ್ಕೇ ನಿಲ್ಲಿಸಿರಿ. ಅದೂ ಸಾಲದಿದ್ದರೆ ಖಡಕ್ ರೊಟ್ಟಿ ಇದ್ದೇ ಇದೆ. ವಾರಗಟ್ಟಲೆ ಕೆಡದ ಈ ರೊಟ್ಟಿಯಷ್ಟು ಪಾಳಿ ಕೆಲಸಕ್ಕೆ ಒಗ್ಗುವ ಬುತ್ತಿ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಮಿಗೂ ಕಡಿಮೆ. (ಭತ್ತ ಬೆಳೆಯುವ ಊರಿನವಳಾಗಿ ಇದನ್ನು ಬರೆಯುತ್ತಿದ್ದೇನೆ, ನಮ್ಮವರು ಮನ್ನಿಸಲಿ.) ಜೊತೆಗೆ ಪುಂಡಿ ಪಲ್ಯವೋ ಕಾಳಿನ ಪಲ್ಯವೋ ಇರಲಿ. ಬೆಳಗಿನ ಮಿರ್ಚಿಯನ್ನು ವಾರದ ರಜೆಗೆ ಮೀಸಲಿಡಿ, ಪೂರ್ತಿ ಬಿಡುತ್ತೇನೆಂದು ಶಪಥ ಮಾಡಬೇಡಿ. ಪಾಳಿಯ ಕೊನೆಯ ತಾಸುಗಳಲ್ಲಿ ಚಹಾ ಮಾತ್ರ ಬೇಡ, ಹಗಲು ನಿದ್ರೆಯನ್ನು ಅದೇ ಕೆಡಿಸುತ್ತದೆ.

ಉತ್ತರ (ಕೊಪ್ಪಳದಿಂದ)

ಮೇಲಿನ ಅಕ್ಕನವರ ಮಾತಿಗೆ ಒಂದು ತಿದ್ದುಪಡಿ. ಜೋಳವೆಂದರೆ ಎಷ್ಟು ತಿಂದರೂ ನಡೆಯುತ್ತದೆಂದು ನಮ್ಮ ಕಡೆ ಅನೇಕರು ನಂಬಿದ್ದಾರೆ. ಆದರೆ ತೂಕಕ್ಕೆ ತೂಕ ಹಿಡಿದರೆ ಅಕ್ಕಿಗೂ ಜೋಳಕ್ಕೂ ಕ್ಯಾಲೊರಿಯಲ್ಲಿ ಹೆಚ್ಚಿನ ಅಂತರವಿಲ್ಲ, ರೊಟ್ಟಿಯ ಎಣಿಕೆ ಇರಲೇಬೇಕು. ಇನ್ನು ಬಳ್ಳಾರಿ ಗುಡ್ಡದ ಮೆಟ್ಟಿಲು ಹತ್ತುವ ಯೋಚನೆ ಬಂದರೆ, ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಬೇಡ: ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಿರುತ್ತದೆ. ತಂದೆಯವರಿಗೆ ಕಾಯಿಲೆ ಇರುವುದರಿಂದ ನೀವು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮನೆಯವರೂ ಕೆಲಸಕ್ಕೆ ಹೋಗುವುದರಿಂದ ದಿನವೂ ರೊಟ್ಟಿ ಬಡಿಯುವುದು ಸಾಧ್ಯವಿಲ್ಲ, ಅದೊಂದೇ ಚಿಂತೆ.

ಉತ್ತರ (ಸಿಂಧನೂರಿನಿಂದ)

ದಿನವೂ ಏಕೆ ಬಡಿಯಬೇಕು? ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಈಗ ಎಲ್ಲ ಊರುಗಳಲ್ಲಿಯೂ ಇದ್ದಾರೆ. ವಾರಕ್ಕೊಮ್ಮೆ ಕಟ್ಟು ತಂದು ತೇವ ತಾಗದ ಡಬ್ಬಿಯಲ್ಲಿ ಇಡಿ. ರಜೆಯ ದಿನ ಶೇಂಗಾ ಚಟ್ನಿಯನ್ನು ನೀವೇ ಕುಟ್ಟಿಕೊಳ್ಳಬಹುದು, ಅದಕ್ಕೆ ಮನೆಯವರನ್ನು ಕಾಯಬೇಕಾಗಿಲ್ಲ.